ನೋವಿಲ್ಲದಾಗಲೇ ಹೋಗಬೇಕಾದ ಆಸ್ಪತ್ರೆ

ಗುಂಡ್ಲುಪೇಟೆಯ ಸುತ್ತ ಚೆಂಡುಹೂ ಕೊಯ್ಲು ಜೋರಾಗಿರುವ ದಿನಗಳಲ್ಲಿ ಆಶಾ ಕಾರ್ಯಕರ್ತೆ ಹೊಲದ ಬದುವಿಗೇ ಬಂದು, ‘ಅಕ್ಕಾ, ಬುಧವಾರ ಗರ್ಭಕೋಶದ ಬಾಯಿ ಪರೀಕ್ಷೆ ಅದೆ, ಬಂದ್ಬುಡಿ’ ಎಂದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ನಂಗೇನಾಗದ? ಚೆಂದಾಗೇ ಇವ್ನಿ ಕನವ್ವ.’ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕಾಸು ಕೊಟ್ಟು, ಗುರುತಿಲ್ಲದವರೆದುರು ಸೀರೆ ಸರಿಸಿ ಮಲಗಲು ಕಾರಣವೇ ಇಲ್ಲ ಎಂದು ಹೂ ಕೊಯ್ಯುವವಳಿಗೆ ಅನಿಸಿದರೆ ತಪ್ಪೆನ್ನಲಾಗದು. ನೋವಾದಾಗ ಆಸ್ಪತ್ರೆಗೆ ಹೋಗುವುದು ನಮ್ಮ ರೂಢಿ. ಈ ಪರೀಕ್ಷೆಗೆ ಮಾತ್ರ ಏನೂ ಆಗದಿರುವಾಗಲೇ ಹೋಗಬೇಕು. ಯಾಕೆ ಹಾಗೆ ಎಂಬುದು ತಿಳಿಯಬೇಕಾದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ವೈರಸ್ಸಿನ ನಡೆ ಗೊತ್ತಿರಬೇಕು.

ಅದರ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಒಂದಲ್ಲ, ಇನ್ನೂರಕ್ಕೂ ಹೆಚ್ಚು ತಳಿಗಳ ದೊಡ್ಡ ಬಳಗ. ಪ್ರತಿ ತಳಿಗೂ ಒಂದು ನಂಬರು. ಕೆಲವಕ್ಕೆ ಕೈಕಾಲಿನ ಚರ್ಮವೇ ಮನೆ. ಅವು ಹುಟ್ಟಿಸುವುದು ನರಹುಲಿ. ಕೆಲವು ಒಳಭಾಗದ ತೇವದ ಚರ್ಮಕ್ಕೆ ಅಂಟುತ್ತವೆ. ಅವುಗಳಲ್ಲಿ 6 ಮತ್ತು 11ನೇ ತಳಿ ಜನನಾಂಗದಲ್ಲಿ ಗಂಟು ಎಬ್ಬಿಸುತ್ತವೆ. 16 ಮತ್ತು 18ನೆಯವು ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಈ ಕ್ಯಾನ್ಸರಿನ ಹಿಂದೆ ವೈರಸ್ ಇದೆ ಎಂದು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ, 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಇತಿಹಾಸ ಇಷ್ಟು ಸಾಕು. ಸುಲಭದ್ದರಿಂದ ಶುರುಮಾಡೋಣ.

ಕೈಕಾಲಿನ ನರಹುಲಿ

ಬೆಲ್ಲವನ್ನೋ ಉಪ್ಪನ್ನೋ ದೇವಸ್ಥಾನದ ಕೊಳಕ್ಕೆ ಹಾಕಿ, ‘ಇದು ಕರಗಿದಂಗೆ ನನ್ನ ನರಹುಲಿ ಕರಗಲಿ’ ಎಂದು ಬೇಡಿಕೊಳ್ಳುವ ಹರಕೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹಿಂದಿರುಗಿ ನೋಡದೆ ಮನೆಗೆ ಬರಬೇಕು ಎಂಬ ಷರತ್ತೂ ಉಂಟು. ಹರಕೆ ಹೊತ್ತ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ನರಹುಲಿ ಹೋಗಿಯೂ ಹೋಗುತ್ತದೆ. ಕಾರಣ ಕೊಳದ ನೀರಿನಲ್ಲಿಲ್ಲ, ಮಗುವಿನ ದೇಹದಲ್ಲಿದೆ. ವೈರಸ್ ಬಂದಿರುವುದು ದೇಹಕ್ಕೆ ಮೊದಮೊದಲು ತಿಳಿಯುವುದೇ ಇಲ್ಲ. ಅದು ಚರ್ಮದ ಮೇಲ್ಪದರದಲ್ಲಷ್ಟೇ ಇರುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ತಿಂಗಳುಗಳ ಮೇಲೆ ಒಂದು ದಿನ ರೋಗನಿರೋಧಕ ಶಕ್ತಿ ಎಚ್ಚರಗೊಂಡರೆ ಗಂಟು ತಾನಾಗಿ ಉದುರುತ್ತದೆ. ಮಕ್ಕಳ ನರಹುಲಿಗಳಲ್ಲಿ ಅರ್ಧಕ್ಕೂ ಹೆಚ್ಚು ಎರಡು ವರ್ಷದೊಳಗೆ ಮಾಯವಾಗುವುದು ಹೀಗೆ. ಬೆಲ್ಲ ಹಾಕಿ ಕಾಯುವುದರಿಂದ ಕೆಡುಕೇನಿಲ್ಲ. ಸುಣ್ಣ–ಸೋಪು ಕಲಸಿ ಹಚ್ಚುವುದು, ಊದುಬತ್ತಿಯಿಂದ ಸುಡುವುದು, ಗೇರೆಣ್ಣೆ ತೊಟ್ಟಿಕ್ಕುವುದು, ಬ್ಲೇಡಿನಿಂದ ಕೊಯ್ಯುವುದು ಮಾತ್ರ ಕೆಡುಕು. ಗಾಯ ಕೀವುಗಟ್ಟಿ ಕಲೆ ಉಳಿಯುತ್ತದೆ, ಕೊಯ್ದ ಗಾಯದಿಂದ ವೈರಸ್ ಪಕ್ಕದ ಚರ್ಮಕ್ಕೂ ಹರಡುತ್ತದೆ.

ಅಂಗಾಲಿನದಾದರೆ ಮೊದಲು ಅದು ನರಹುಲಿಯೋ ಆಣಿಯೋ ನೋಡಿ. ನೆಟ್ಟಗೆ ಒತ್ತಿದಾಗ ನೋವಾದರೆ ಸಾಮಾನ್ಯವಾಗಿ ಆಣಿ. ಎರಡು ಬೆರಳಲ್ಲಿ ಪಕ್ಕದಿಂದ ಹಿಂಡಿದಾಗ ನೋವು ಹೆಚ್ಚಿದರೆ ನರಹುಲಿ. ನರಹುಲಿಯ ಮೇಲ್ಪದರ ಉಜ್ಜಿದರೆ ಎಳ್ಳಿನ ಚೂರಿನಂಥ ಕಪ್ಪು ಚುಕ್ಕೆ ಕಾಣುತ್ತದೆ. ಅದು ‘ಬೇರು’ ಅಲ್ಲ, ಹೆಪ್ಪುಗಟ್ಟಿದ ಸಣ್ಣ ರಕ್ತನಾಳ. ಚರ್ಮದ ಗೆರೆಗಳು ಆಣಿಯ ಮೇಲೆ ಹಾಗೇ ಸಾಗುತ್ತವೆ, ನರಹುಲಿಯ ಅಂಚಿನಲ್ಲಿ ತುಂಡಾಗುತ್ತವೆ.

ಮನೆಯಲ್ಲೇ ಮಾಡಬಹುದಾದದ್ದು ಇದು:

1. ರಾತ್ರಿ ಹತ್ತು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ.

2. ಮೆತ್ತಗಾದ ಮೇಲ್ಪದರವನ್ನು ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ತಿಕ್ಕಿ. ಆ ಕಲ್ಲು ಮನೆಯಲ್ಲಿ ಬೇರೆ ಯಾರಿಗೂ ಬೇಡ.

3. ಔಷಧಿ ಅಂಗಡಿಯಲ್ಲಿ ಸಿಗುವ ಸ್ಯಾಲಿಸಿಲಿಕ್ ಆಸಿಡ್ ದ್ರಾವಣವನ್ನು ಗಂಟಿನ ಮೇಲಷ್ಟೇ ಹಚ್ಚಿ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಮೊದಲೇ ವ್ಯಾಸಲಿನ್ ಸವರಿಕೊಂಡರೆ ಉರಿಯುವುದಿಲ್ಲ.

4. ಮೂರು ತಿಂಗಳಾದರೂ ಬಿಡದೆ ಮಾಡಿ. ಹದಿನೈದು ದಿನ ಹಚ್ಚಿ ‘ಕೆಲಸ ಮಾಡ್ಲಿಲ್ಲ’ ಎಂದು ಎಸೆಯುವವರೇ ಹೆಚ್ಚು.

ಎಚ್ಚರಿಕೆ: ಸಕ್ಕರೆ ಕಾಯಿಲೆಯವರು, ಕಾಲಿನಲ್ಲಿ ಸ್ಪರ್ಶ ಕಡಿಮೆಯಾದವರು ಈ ದ್ರಾವಣ ಮುಟ್ಟಬಾರದು. ಮುಖಕ್ಕೂ ಜನನಾಂಗಕ್ಕೂ ಇದು ಆಗದು. ಐವತ್ತು ದಾಟಿದ ಮೇಲೆ ಹೊಸದಾಗಿ ಎದ್ದು, ಬೇಗ ಬೆಳೆಯುತ್ತಾ, ರಕ್ತ ಒಸರುವ ಗಂಟನ್ನು ನರಹುಲಿ ಎಂದು ನೀವೇ ತೀರ್ಮಾನಿಸಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಹೇಳಿಕೊಳ್ಳಲಾಗದ ಗಂಟು

ಜನನಾಂಗದ ಮೇಲೋ ಗುದದ ಸುತ್ತವೋ ಹೂಕೋಸಿನ ತುಣುಕಿನಂತೆ ಏಳುವ ಮೆತ್ತನೆಯ ಗಂಟುಗಳಲ್ಲಿ ಹತ್ತಕ್ಕೆ ಒಂಬತ್ತು 6 ಮತ್ತು 11ನೇ ತಳಿಯ ಕೆಲಸ. ಇವು ಕ್ಯಾನ್ಸರಾಗಿ ತಿರುಗುವುದು ಅಪರೂಪ. ಆದರೂ ಜನ ಹೆದರುವುದು ಇದಕ್ಕೇ ಹೆಚ್ಚು. ಹೆದರಿದವರು ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗ’ ಎಂದು ಬರೆಸಿದವರ ಹತ್ತಿರ ಹೋಗುತ್ತಾರೆ. ಅಲ್ಲಿ ಕಾಸೂ ಹೋಗುತ್ತದೆ, ಚರ್ಮವೂ ಸುಡುತ್ತದೆ. ಸರಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಇದಕ್ಕೆ ಔಷಧಿ ಹಚ್ಚುವುದು, ತಣ್ಣನೆಯ ದ್ರವದಿಂದ ಹೆಪ್ಪುಗಟ್ಟಿಸಿ ಉದುರಿಸುವುದು ದಿನನಿತ್ಯದ ಕೆಲಸ. ಗರ್ಭಿಣಿಯಾಗಿದ್ದರೆ ಅದನ್ನು ಮೊದಲೇ ಹೇಳಿ. ಹಚ್ಚುವ ಔಷಧಿಗಳಲ್ಲಿ ಕೆಲವು ಮಗುವಿಗೆ ಆಗದು. ಗಂಟು ಹೋದ ಮೇಲೂ ವೈರಸ್ ಕೆಲಕಾಲ ಉಳಿಯಬಹುದು, ಗಂಟು ಮತ್ತೆ ಬರಬಹುದು. ಬಂದರೆ ಡಾಕ್ಟರು ಮೋಸ ಮಾಡಿದರು ಎಂದುಕೊಳ್ಳಬೇಡಿ.

ಗಂಡಸರಿಗೆ ಇನ್ನೊಂದು ಮಾತು. ಇದೇ ಬಳಗದ 16ನೇ ತಳಿ ಶಿಶ್ನ, ಗುದ ಮತ್ತು ಗಂಟಲಿನ ಹಿಂಭಾಗದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಆದರೆ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಬಾಯಿ ಹುಣ್ಣಾಗಿ ಮಾಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು ವೈರಸ್ಸನ್ನಲ್ಲ, ದವಡೆಯಲ್ಲಿಟ್ಟುಕೊಳ್ಳುವ ಹೊಗೆಸೊಪ್ಪನ್ನು. ಈ ವೈರಸ್ಸಿಗೆ ಲಸಿಕೆ ಹಾಕಿಸಿಕೊಂಡು ಎಲೆ–ಅಡಿಕೆ–ಹೊಗೆಸೊಪ್ಪು ಮುಂದುವರಿಸಿದರೆ ಬಾಯಿಗೆ ರಕ್ಷಣೆಯಿಲ್ಲ.

ಹತ್ತು ಹದಿನೈದು ವರ್ಷದ ಅವಕಾಶ

ಈಗ ಮುಖ್ಯವಾದದ್ದು. ಗರ್ಭಕೋಶದ ಬಾಯಿ ಯೋನಿಗೆ ತೆರೆದುಕೊಳ್ಳುವ ಜಾಗವೇ ಗರ್ಭಕೊರಳು. ಅಲ್ಲಿ ಎರಡು ಬಗೆಯ ಚರ್ಮ ಕೂಡುವ ಒಂದು ಅಂಚು ಇದೆ. ಹೊಸ ಜೀವಕೋಶಗಳು ಸದಾ ಹುಟ್ಟುತ್ತಿರುವ ಜಾಗವಾದ್ದರಿಂದ ವೈರಸ್ಸಿಗೆ ಅದು ಹದವಾದ ನೆಲ. ಲೈಂಗಿಕ ಸಂಪರ್ಕ ಶುರುವಾದ ಹೆಚ್ಚಿನವರಿಗೆ ಜೀವನದಲ್ಲಿ ಯಾವಾಗಲಾದರೂ ಈ ಸೋಂಕು ತಗುಲುತ್ತದೆ. ತಗುಲಿದ ಹತ್ತರಲ್ಲಿ ಒಂಬತ್ತು ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ, ಹೆಂಗಸಿಗೆ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಹೋಗದೆ ಉಳಿದ ಕೆಲವರಲ್ಲಿ ಜೀವಕೋಶಗಳು ನಿಧಾನವಾಗಿ ರೂಪ ಕೆಡಿಸಿಕೊಳ್ಳುತ್ತವೆ. ಅದು ಕ್ಯಾನ್ಸರಾಗಲು ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ವರ್ಷ ಬೇಕು.

ಹೀಗೆ ಗಡುವು ಕೊಟ್ಟು ಬರುವ ಕ್ಯಾನ್ಸರು ಬಹಳ ಕಡಿಮೆ. ಆ ಅಷ್ಟೂ ವರ್ಷ ನೋವಿಲ್ಲ, ರಕ್ತವಿಲ್ಲ, ಸುಸ್ತಿಲ್ಲ. ಹೂ ಕುಯ್ದುಕೊಂಡು, ಅರಿಶಿನ ಕಿತ್ತುಕೊಂಡು, ಮಕ್ಕಳ ಮದುವೆ ಮಾಡಿಕೊಂಡು ಹೆಂಗಸು ಚೆಂದಾಗೇ ಇರುತ್ತಾಳೆ. ಆ ಹೊತ್ತಿನಲ್ಲಿ ಕಂಡರೆ ಐದು ಹತ್ತು ನಿಮಿಷದ ಚಿಕಿತ್ಸೆ. ನೋವು, ರಕ್ತ ಕಾಣಿಸಿಕೊಂಡ ಮೇಲೆ ಬೆಂಗಳೂರು, ರೇಡಿಯೇಷನ್, ತಿಂಗಳುಗಟ್ಟಲೆ ಮನೆ ಬಿಟ್ಟಿರುವುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಇದನ್ನು ತಪ್ಪು ತಿಳಿದರೆ ಮನೆ ಮುರಿಯಬಹುದು. ‘ಸಂಪರ್ಕದಿಂದ ಬರುವ ವೈರಸ್’ ಎಂದ ತಕ್ಷಣ ಗಂಡ ಹೆಂಡತಿಯ ಮುಖ, ಹೆಂಡತಿ ಗಂಡನ ಮುಖ ನೋಡುತ್ತಾರೆ. ವೈರಸ್ ಹತ್ತಾರು ವರ್ಷ ಸದ್ದಿಲ್ಲದೆ ಅಡಗಿರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಒಬ್ಬನನ್ನೇ ಮದುವೆಯಾಗಿ ಒಬ್ಬನೊಂದಿಗೇ ಬಾಳಿದವಳಿಗೂ ಬರುತ್ತದೆ. ಪರೀಕ್ಷೆಯ ಚೀಟಿಯನ್ನು ನಡತೆಯ ಪತ್ರ ಮಾಡಿಕೊಳ್ಳಬೇಡಿ. ಸೊಸೆಯನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವ ಅತ್ತೆ ತಾನೂ ಮಾಡಿಸಿಕೊಂಡರೆ ಅರ್ಧ ಮಾತು ಅಲ್ಲೇ ನಿಲ್ಲುತ್ತದೆ.

ವಿನೆಗರ್ ಹೇಗೆ ಹೇಳುತ್ತದೆ?

ಸರಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮಾಡುವುದು ವಿ.ಐ.ಎ. ಎಂಬ ಪರೀಕ್ಷೆ. ಅಡುಗೆಗೆ ಬಳಸುವ ವಿನೆಗರಿನಷ್ಟೇ ಹದದ, ಅಂದರೆ ಶೇ. 3ರಿಂದ 5ರ ಅಸಿಟಿಕ್ ಆಸಿಡ್ಡನ್ನು ಹತ್ತಿಯಲ್ಲಿ ಅದ್ದಿ ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ರೂಪಗೆಟ್ಟ ಜೀವಕೋಶದಲ್ಲಿ ಪ್ರೋಟೀನು ದಟ್ಟವಾಗಿರುತ್ತದೆ. ಹುಳಿ ತಗುಲಿದೊಡನೆ, ನಿಂಬೆ ಹಿಂಡಿದ ಹಾಲಿನಂತೆ, ಅದು ಗಟ್ಟಿಯಾಗಿ ಬೆಳ್ಳಗೆ ಕಾಣುತ್ತದೆ. ಒಳ್ಳೆಯ ಚರ್ಮ ಗುಲಾಬಿಯಾಗೇ ಉಳಿಯುತ್ತದೆ. ಅಷ್ಟೇ ವಿದ್ಯೆ. ಯಂತ್ರ ಬೇಡ, ಲ್ಯಾಬ್ ಬೇಡ, ತರಬೇತಾದ ನರ್ಸ್ ಸಾಕು, ಫಲಿತಾಂಶ ಅಲ್ಲೇ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರಿಗೇ ಈ ಪರೀಕ್ಷೆ ಕಲಿಸಿ ವರ್ಷಾನುಗಟ್ಟಲೆ ನಡೆಸಿದಾಗ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತು.

ಇದಕ್ಕಿಂತ ಸೂಕ್ಷ್ಮವಾದದ್ದು ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಜೀವನದಲ್ಲಿ ಒಂದೇ ಒಂದು ಸಲ ಈ ಪರೀಕ್ಷೆಯಾದ ಹೆಂಗಸರಲ್ಲಿ ಸಾವು ಅರ್ಧದಷ್ಟಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಇದರ ಮತ್ತೊಂದು ಅನುಕೂಲ, ಮಾದರಿಯನ್ನು ಹೆಂಗಸು ಪರದೆಯ ಹಿಂದೆ ತಾನೇ ತೆಗೆದುಕೊಡಬಹುದು. ನಾಚಿಕೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ದುಡ್ಡು ಹೆಚ್ಚು, ನಮ್ಮ ತಾಲ್ಲೂಕು ಮಟ್ಟದಲ್ಲಿ ಎಲ್ಲ ಕಡೆ ಸಿಗುವಂಥದ್ದಲ್ಲ. ಪ್ಯಾಪ್ ಸ್ಮಿಯರ್ ಎಂಬ ಹಳೆಯ ಪರೀಕ್ಷೆಯೂ ಚಾಲ್ತಿಯಲ್ಲಿದೆ. ಅದರ ವರದಿಗೆ ಲ್ಯಾಬನ್ನು ಕಾಯಬೇಕು. ಯಾವುದು ಸಿಕ್ಕರೂ ಆದೀತು. ‘ಮೈಸೂರಿಗೇ ಹೋಗಿ ದೊಡ್ಡ ಪರೀಕ್ಷೆ ಮಾಡುಸ್ತೀನಿ’ ಎಂದು ಇಲ್ಲಿರುವುದನ್ನು ಬಿಟ್ಟವರು ಕೊನೆಗೆ ಎರಡನ್ನೂ ಮಾಡಿಸಿರುವುದಿಲ್ಲ.

ಪರೀಕ್ಷೆಗೆ ಹೋಗುವ ಕ್ರಮ

1. ವಯಸ್ಸು 30ರಿಂದ 65ರೊಳಗಿದ್ದರೆ ಐದು ವರ್ಷಕ್ಕೊಮ್ಮೆ. ಇದು ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಲೆಕ್ಕ. ಅಷ್ಟಾಗದಿದ್ದರೆ 35ಕ್ಕೊಂದು ಸಲ, 45ಕ್ಕೊಂದು ಸಲ ತಪ್ಪಿಸಬೇಡಿ. ಎಚ್‌ಐವಿ ಇರುವವರಿಗೆ ಈ ಕ್ಯಾನ್ಸರಿನ ಸಾಧ್ಯತೆ ಆರು ಪಟ್ಟು. ಅವರು 25ಕ್ಕೇ ಶುರುಮಾಡಿ, ಹೆಚ್ಚು ಸಲ ಬರಬೇಕು.

2. ಮೊದಲ ಮೆಟ್ಟಿಲು ನಿಮ್ಮ ಊರಿನ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ಯಾವ ದಿನ ಮಾಡುತ್ತಾರೆ, ಮಾಡುವವರು ಹೆಂಗಸರೇ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಳ್ಳಿ. ಅಲ್ಲಿ ಇಲ್ಲದಿದ್ದರೆ ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ನಾವೆಲ್ಲ ಸಿಮ್ಸ್ ಎನ್ನುವುದು. 2016ರಲ್ಲಿ ಕಾಲೇಜು ಶುರುವಾಗಿ, ಯಡಪುರದ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ ಮೇಲೆ ಎಲ್ಲದಕ್ಕೂ ಮೈಸೂರಿನ ಬಸ್ಸು ಹಿಡಿಯುವ ಕಾಲ ಹೋಯಿತು.

3. ಮುಟ್ಟಿನ ದಿನಗಳು ಬೇಡ. ಹಿಂದಿನ ಎರಡು ದಿನ ಸಂಪರ್ಕ ಬೇಡ, ಒಳಗೆ ಇಡುವ ಮಾತ್ರೆ–ಮುಲಾಮು ಬೇಡ. ಒಳಗನ್ನು ಸೋಪು ಹಾಕಿ ತೊಳೆಯುವುದು ಯಾವ ದಿನವೂ ಬೇಡ.

4. ಮೂತ್ರ ಮಾಡಿ ಮಲಗಿ. ಸೀರೆಯೋ ಅಗಲದ ಲಂಗವೋ ಉಟ್ಟಿದ್ದರೆ ಪೂರ್ತಿ ಬಿಚ್ಚುವ ಪ್ರಮೇಯ ಬರುವುದಿಲ್ಲ. ಒಳಗೆ ನೋಡುವ ಉಪಕರಣ ಇಡುವಾಗ ಒತ್ತಿದಂತಾಗುತ್ತದೆ. ಹೊಟ್ಟೆ ಬಿಗಿಹಿಡಿಯದೆ ಬಾಯಿಯಿಂದ ಉಸಿರು ಬಿಡುತ್ತಿದ್ದರೆ ಸಲೀಸು. ಐದು ನಿಮಿಷದಲ್ಲಿ ಮುಗಿಯುತ್ತದೆ. ನೋವಾದರೆ ‘ನಿಲ್ಲಿಸಿ’ ಎನ್ನುವ ಹಕ್ಕು ನಿಮಗಿದೆ.

5. ಫಲಿತಾಂಶ ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಬಿಳಿ ಕಂಡಿತು ಎಂದರೆ ಕ್ಯಾನ್ಸರ್ ಎಂದಲ್ಲ. ಉರಿಯೂತವಾಗಿದ್ದರೂ ಬೆಳ್ಳಗೆ ಕಾಣಬಹುದು. ಮುಂದಿನ ಹೆಜ್ಜೆ ದುರ್ಬೀನಿನಂಥ ಸಾಧನದಿಂದ ದೊಡ್ಡದು ಮಾಡಿ ನೋಡುವ ಕಾಲ್ಪೋಸ್ಕೊಪಿ, ಬೇಕಾದರೆ ಚೂರು ತೆಗೆದು ಬಯಾಪ್ಸಿ. ಕ್ಯಾನ್ಸರಿನ ಮುಂಚಿನ ಹಂತವಾದರೆ ಆ ಜಾಗವನ್ನು ಹೆಪ್ಪುಗಟ್ಟಿಸಿಯೋ ಬಿಸಿ ಮುಟ್ಟಿಸಿಯೋ ಕೆಟ್ಟ ಪದರವನ್ನು ಸಾಯಿಸುತ್ತಾರೆ. ಅಗಲವಾಗಿದ್ದರೆ ವಿದ್ಯುತ್ ತಂತಿಯ ಉಂಗುರದಿಂದ ಹೆರೆದು ತೆಗೆಯುತ್ತಾರೆ. ಅದೇ ದಿನ ಮನೆಗೆ ಬರಬಹುದು. ಆಮೇಲೆ ಕೆಲವು ವಾರ ನೀರಿನಂತೆ ಸ್ರಾವ ಹೋಗುವುದು ಸಹಜ, ತಿಂಗಳು ಸಂಪರ್ಕ ಬೇಡ. ಜ್ವರ ಬಂದರೆ, ಸ್ರಾವ ನಾತ ಬಂದರೆ, ಬಟ್ಟೆ ನೆನೆಯುವಷ್ಟು ರಕ್ತ ಹೋದರೆ ತಡಮಾಡದೆ ವಾಪಸು ಹೋಗಿ. ವರ್ಷದ ಮೇಲೆ ಮತ್ತೆ ತೋರಿಸಬೇಕು. ವಾಸಿಯಾಯಿತಲ್ಲ ಎಂದು ಹೆಚ್ಚಿನವರು ಮರೆಯುವುದು ಇದನ್ನೇ.

ಕಾಯಬಾರದ ಸಂದರ್ಭಗಳೂ ಇವೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಸಂಪರ್ಕದ ನಂತರ ರಕ್ತ ಹೋದರೂ, ಎರಡು ಮುಟ್ಟಿನ ನಡುವೆ ಕಂಡರೂ, ಸ್ರಾವ ಕೊಳೆತ ನಾತ ಬಂದರೂ ಐದು ವರ್ಷದ ಲೆಕ್ಕ ಬಿಡಿ. ಶಿಬಿರಕ್ಕೂ ಕಾಯಬೇಡಿ, ಆ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ. ‘ಮುಟ್ಟು ನಿಂತವಳಿಗೆ ಮತ್ತೆ ಕಂಡದೆ, ಮೈಯಲ್ಲಿ ಶಕ್ತಿ ಅದೆ’ ಎಂದು ಹಿರಿಯ ಹೆಂಗಸರು ನಗಾಡುವುದುಂಟು. ಆ ನಗು ಕೆಲವರಿಗೆ ಬಹಳ ದುಬಾರಿಯಾಗಿದೆ.

ಮಗಳಿಗೆ ಲಸಿಕೆ ಹಾಕಿಸಲೇ?

ತಾಯಂದಿರ ಪ್ರಶ್ನೆ ಇದು. ಜೊತೆಗೇ ಒಂದು ಅಂಜಿಕೆ: ‘ಎಳೇ ಕೂಸಿಗೆ ಆ ಥರದ ಕಾಯಿಲೆ ಸೂಜಿ ಯಾಕೆ?’ ಉತ್ತರ ಲಸಿಕೆಯ ಕೆಲಸದಲ್ಲೇ ಇದೆ. ಲಸಿಕೆಯೊಳಗೆ ವೈರಸ್ ಇಲ್ಲ, ವೈರಸ್ಸಿನ ಹೊರಗವಚದಂಥ ಬರಿಯ ಸಿಪ್ಪೆ ಇದೆ. ಒಳಗಿನ ತಿರುಳಿಲ್ಲದ್ದರಿಂದ ಅದು ಸೋಂಕು ತರಲಾರದು. ಸಿಪ್ಪೆ ಕಂಡ ದೇಹ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮುಂದೆ ನಿಜವಾದ ವೈರಸ್ ಬಂದರೆ ಬಾಗಿಲಲ್ಲೇ ಹಿಡಿಯುತ್ತದೆ. ಒಳಗೆ ಸೇರಿಯಾದ ವೈರಸ್ಸನ್ನು ಮಾತ್ರ ಇದು ಓಡಿಸಲಾರದು. ಹಾಗಾಗಿ ಸೋಂಕು ತಗುಲುವ ಸಾಧ್ಯತೆಯೇ ಇಲ್ಲದ ವಯಸ್ಸಿನಲ್ಲಿ, 9ರಿಂದ 14ರೊಳಗೆ ಕೊಟ್ಟರೆ ಪೂರ್ತಿ ಲಾಭ. ಆ ವಯಸ್ಸಿನ ದೇಹ ಪ್ರತಿಕಾಯಗಳನ್ನೂ ಹೆಚ್ಚು ತಯಾರಿಸುತ್ತದೆ. ಪೋಲಿಯೊ ಹನಿ ಹಾಕಿಸುವಾಗ ಮಗುವಿನ ನಡತೆಯ ಬಗ್ಗೆ ಯಾರೂ ಚರ್ಚಿಸಲಿಲ್ಲ. ಇದಕ್ಕೂ ಅದು ಬೇಡ.

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸೆರ್ವಾವ್ಯಾಕ್ ಎಂಬ ದೇಶೀ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. ಅದು 6, 11, 16, 18ನೇ ತಳಿಗಳನ್ನು ತಡೆಯುತ್ತದೆ, ಅಂದರೆ ಕ್ಯಾನ್ಸರಿನ ಜೊತೆ ಜನನಾಂಗದ ಗಂಟನ್ನೂ. ಖಾಸಗಿ ಮಾರುಕಟ್ಟೆಗೆ ಬಂದಾಗ ಒಂದು ಡೋಸಿಗೆ 2,000 ರೂಪಾಯಿ ಇತ್ತು. ಒಂಬತ್ತು ತಳಿಗಳನ್ನು ತಡೆಯುವ ವಿದೇಶಿ ಲಸಿಕೆಯೂ ಇದೆ, ಬೆಲೆ ಅದರ ಹಲವು ಪಟ್ಟು. ಅದೇ ಬೇಕೆಂದು ಸಾಲ ಮಾಡಬೇಡಿ. ಕ್ಯಾನ್ಸರಿನ ದೊಡ್ಡ ಪಾಲಿಗೆ ಕಾರಣವಾದ 16, 18 ಎರಡರಲ್ಲೂ ಇವೆ. ಹಣ ಕೊಡುವ ಮೊದಲು ಆರೋಗ್ಯ ಕೇಂದ್ರದಲ್ಲಿ ಅಥವಾ ಶಾಲೆಯಲ್ಲಿ ವಿಚಾರಿಸಿ, ಉಚಿತವಾಗಿ ಹಾಕುವ ಕಾರ್ಯಕ್ರಮ ನಿಮ್ಮ ಮಗಳ ವಯಸ್ಸಿಗೆ ಇದ್ದರೆ ಅದೇ ಒಳ್ಳೆಯದು.

ಡೋಸುಗಳ ಲೆಕ್ಕ: 9ರಿಂದ 14 ವರ್ಷಕ್ಕೆ ಆರು ತಿಂಗಳ ಅಂತರದಲ್ಲಿ ಎರಡು. 15ರಿಂದ 26ರವರೆಗೆ ಮೂರು: ಮೊದಲನೆಯದು, ಎರಡು ತಿಂಗಳಿಗೊಂದು, ಆರು ತಿಂಗಳಿಗೊಂದು. 9ರಿಂದ 20ರವರೆಗಿನವರಿಗೆ ಒಂದೇ ಡೋಸ್ ಕೊಡುವ ದೇಶಗಳೂ ಇವೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿತು. ಆ ಒಪ್ಪಿಗೆಯ ಹಿಂದಿನ ಕಥೆ ನಮ್ಮ ದೇಶದ್ದೇ. 2009ರಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ ಎರಡು ಡೋಸ್–ಮೂರು ಡೋಸ್ ಹೋಲಿಸುವ ಅಧ್ಯಯನ ಶುರುವಾಗಿತ್ತು. ಅದೇ ಹೊತ್ತಿಗೆ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ನಡೆಯುತ್ತಿದ್ದ ಬೇರೊಂದು ಲಸಿಕೆ ಯೋಜನೆಯಲ್ಲಿ ಏಳು ಹುಡುಗಿಯರು ಸತ್ತ ಸುದ್ದಿ ದೊಡ್ಡದಾಗಿ, 2010ರಲ್ಲಿ ಎಲ್ಲವನ್ನೂ ನಿಲ್ಲಿಸಲಾಯಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧವಿಲ್ಲ ಎಂದು ತನಿಖೆ ಹೇಳಿತು. ಜೊತೆಗೆ, ತಂದೆತಾಯಿಯರ ಒಪ್ಪಿಗೆ ಪಡೆಯುವುದರಲ್ಲಿ ಲೋಪವಾಗಿತ್ತು ಎಂದೂ ಹೇಳಿತು. ಅದನ್ನು ಮುಚ್ಚಿಡಬೇಕಿಲ್ಲ. ಅಧ್ಯಯನ ಅರ್ಧಕ್ಕೆ ನಿಂತದ್ದರಿಂದ ಸಾವಿರಾರು ಹುಡುಗಿಯರು ಒಂದೇ ಡೋಸಿಗೆ ಉಳಿದರು. ಹತ್ತು ವರ್ಷ ಅವರನ್ನು ಗಮನಿಸಿದಾಗ ಒಂದು ಡೋಸೂ ಹೆಚ್ಚುಕಡಿಮೆ ಅಷ್ಟೇ ರಕ್ಷಣೆ ಕೊಟ್ಟದ್ದು ಕಂಡಿತು. ಹಾಗಾಗಿ ನಿಮ್ಮ ಮಗಳ ಎರಡನೇ ಡೋಸ್ ತಡವಾಗಿದ್ದರೆ ಗಾಬರಿ ಬೇಡ. ಮೊದಲಿಂದ ಶುರುಮಾಡುವುದೂ ಬೇಡ, ಉಳಿದದ್ದನ್ನು ಹಾಕಿಸಿ.

ಸೂಜಿಯ ದಿನ ಮಗಳಿಗೆ ತಿಂಡಿ ಕೊಟ್ಟೇ ಕರೆದುಕೊಂಡು ಹೋಗಿ. ಹೆದರಿಕೆಗೂ ಖಾಲಿ ಹೊಟ್ಟೆಗೂ ಕೆಲವರಿಗೆ ಕಣ್ಣು ಕತ್ತಲಿಡುತ್ತದೆ. ಹದಿನೈದು ನಿಮಿಷ ಅಲ್ಲೇ ಕೂರಿಸಿ. ತೋಳು ನೋಯುವುದು, ಸಣ್ಣ ಜ್ವರ ಬರುವುದು ಒಂದೆರಡು ದಿನದ ಮಾತು. ಹಿಂದೆ ಯಾವುದಾದರೂ ಲಸಿಕೆಗೆ ಅಥವಾ ಯೀಸ್ಟಿಗೆ ಜೋರು ಅಲರ್ಜಿಯಾಗಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ಬಸುರಿಯರಿಗೆ ಹೆರಿಗೆಯ ನಂತರ. ಮಕ್ಕಳಾಗುವುದಿಲ್ಲ ಎಂಬ ಗುಲ್ಲಿಗೆ ಆಧಾರವಿಲ್ಲ. ಗಂಡುಮಕ್ಕಳಿಗೂ ಹಾಕಿಸಬಹುದು, ದುಡ್ಡು ಒಬ್ಬರಿಗಷ್ಟೇ ಸಾಲುವುದಾದರೆ ಮೊದಲು ಮಗಳಿಗೆ. ಲಸಿಕೆ ಹಾಕಿಸಿಕೊಂಡವಳೂ ಮೂವತ್ತಾದ ಮೇಲೆ ಪರೀಕ್ಷೆ ಬಿಡುವಂತಿಲ್ಲ, ಲಸಿಕೆಯಲ್ಲಿ ಇಲ್ಲದ ತಳಿಗಳೂ ಇವೆಯಲ್ಲ.

ಮತ್ತೆ ಮತ್ತೆ ಆಗುವ ತಪ್ಪುಗಳು

ಬಿಳಿಸೆರಗಿಗೆ ಗರ್ಭಕೋಶ ತೆಗೆಸುವುದು. ‘ಇಟ್ಕೊಂಡ್ರೆ ಕ್ಯಾನ್ಸರ್ ಆಗ್ತದೆ, ಮಕ್ಕಳಾದುವಲ್ಲ, ತೆಗ್ಸಿಬುಡಿ’ ಎಂದು ಮೂವತ್ತೈದರ ಹೆಂಗಸಿಗೆ ಹೇಳುವವರಿದ್ದಾರೆ. ಬಿಳಿಸೆರಗಿಗೆ ಹೆಚ್ಚಿನ ಸಲ ಕಾರಣ ಸಾಮಾನ್ಯ ಸೋಂಕು, ಮಾತ್ರೆಯಿಂದ ಹೋಗುತ್ತದೆ. ಆಪರೇಷನ್ ಎಂದವರಿಗೆ ‘ಗರ್ಭಕೊರಳಿನ ಪರೀಕ್ಷೆ ಮಾಡಿದ್ದೀರಾ, ಏನು ಬಂತು?’ ಎಂದು ಕೇಳಿ. ಚೀಟಿ ಇಲ್ಲದಿದ್ದರೆ ಇನ್ನೊಬ್ಬ ತಜ್ಞರ ಮಾತು ಕೇಳದೆ ಒಪ್ಪಬೇಡಿ. ಹಿಂದೆ ತೆಗೆಸಿದ್ದಾದರೆ ಕೊರಳೂ ಹೋಗಿದೆಯೇ ಉಳಿದಿದೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ತೋರಿಸಿಕೊಳ್ಳಿ. ಉಳಿದಿದ್ದರೆ ಪರೀಕ್ಷೆ ಬೇಕು.

ಸ್ಕ್ಯಾನಿಂಗ್ ಆಗಿದೆ, ಎಲ್ಲ ಸರಿ ಇದೆ ಎಂದುಕೊಳ್ಳುವುದು. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಗರ್ಭಕೊರಳಿನ ಆರಂಭದ ಬದಲಾವಣೆ ಕಾಣುವುದೇ ಇಲ್ಲ.

ಕಾಂಡೋಮ್ ಇದ್ದರೆ ಸಾಕು ಎನ್ನುವುದು. ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ವೈರಸ್ ಚರ್ಮದಿಂದ ಚರ್ಮಕ್ಕೆ ಹರಡುತ್ತದೆ.

ವೈರಸ್ ಕೊಲ್ಲುವ ಮಾತ್ರೆ, ಕಷಾಯ ಹುಡುಕುವುದು. ಎಚ್‌ಪಿವಿಯನ್ನೇ ಕೊಲ್ಲುವ ಔಷಧಿ ಇಲ್ಲ. ಚಿಕಿತ್ಸೆ ಅದು ಮಾಡಿದ ಹಾನಿಗೆ ಮಾತ್ರ. ಬೀಡಿ, ಹೊಗೆಸೊಪ್ಪು ಬಿಟ್ಟರೆ ದೇಹ ವೈರಸ್ಸನ್ನು ಓಡಿಸುವುದು ಸುಲಭವಾಗುತ್ತದೆ ಎನ್ನುವುದು ಮಾತ್ರ ನಿಜ.

ಮುಟ್ಟು ನಿಂತ ಮೇಲೆ ಪರೀಕ್ಷೆ ಬೇಡವೆನ್ನುವುದು. ಬೇಕು. ಐವತ್ತರ ನಂತರ ಆ ಕೂಡುವ ಅಂಚು ಒಳಗೆ ಸರಿಯುವುದರಿಂದ ವಿನೆಗರ್ ಪರೀಕ್ಷೆ ಪೂರ್ತಿ ಹೇಳಲಾರದು. ‘ನನಗೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಬೇಕೇ?’ ಎಂದು ನೀವೇ ಕೇಳಿ.

ಇವು ತಪ್ಪುಗಳಾದವು, ಕಾಡಂಚಿನವರ ಕಷ್ಟ ಬೇರೆ. ಬಿಳಿಗಿರಿರಂಗನ ಬೆಟ್ಟದ, ಹನೂರು ಕಡೆಯ ಸೋಲಿಗರ ಪೋಡುಗಳಿಂದ, ಬಂಡೀಪುರದ ಸುತ್ತಲಿನ ಹಾಡಿಗಳಿಂದ ತಾಲ್ಲೂಕು ಆಸ್ಪತ್ರೆಗೆ ಬರುವುದೆಂದರೆ ಒಂದು ದಿನದ ಪ್ರಯಾಣ. ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಇದೆ, ಮೊದಲ ಮಾತು ಅಲ್ಲೇ ಆಡಬಹುದು. ಹಾಡಿಗೆ ಸಂಚಾರಿ ಘಟಕ ಬರುವ ದಿನ ಗೊತ್ತಿದ್ದರೆ ಹತ್ತು ಹೆಂಗಸರು ಒಟ್ಟಿಗೆ ಮಾಡಿಸಿಕೊಳ್ಳಲು ತೀರ್ಮಾನಿಸಿ. ಒಬ್ಬೊಬ್ಬರೇ ಹೋಗುವ ಮುಜುಗರ ತಪ್ಪುತ್ತದೆ. ಸ್ತ್ರೀಶಕ್ತಿ ಸಂಘಗಳಿಗೂ ಇದೇ ಮಾತು: ವಾರದ ಉಳಿತಾಯ ಕಟ್ಟುವ ದಿನ ಯಾರ ಪರೀಕ್ಷೆ ಆಗಿದೆ, ಯಾರದಾಗಿಲ್ಲ ಎಂದು ಒಮ್ಮೆ ಕೇಳಿದರೆ ಸಾಕು.

ಕ್ಯಾನ್ಸರ್ ಎಂದೇ ಬಂದರೆ

ಆರಂಭದ ಹಂತವಾದರೆ ಆಪರೇಷನ್ನಿನಲ್ಲಿ ಮುಗಿಯಬಹುದು. ಮುಂದುವರಿದಿದ್ದರೆ ರೇಡಿಯೇಷನ್ ಮತ್ತು ಕಿಮೊ ಒಟ್ಟಿಗೆ, ಜೊತೆಗೆ ಒಳಗಿನಿಂದ ಕೊಡುವ ರೇಡಿಯೇಷನ್. ಎರಡರಲ್ಲೂ ವಾಸಿಯಾದವರಿದ್ದಾರೆ. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರ್. ಅಲ್ಲಿ ಹೆಂಗಸರು–ಮಕ್ಕಳಿಗೆಂದೇ ಚೆಲುವಾಂಬ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಸಂಸ್ಥೆ ಸರಕಾರಿ ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಕೇಂದ್ರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಿ ದಾಖಲಾದ ಮೇಲೆ ಯೋಜನೆಯ ಮಾತೆತ್ತಿದರೆ ತೊಡಕಾಗುತ್ತದೆ. ಮೊದಲು ಸರಕಾರಿ ಆಸ್ಪತ್ರೆಯಲ್ಲಿ ರೆಫರಲ್ ಪತ್ರ ಬರೆಸಿಕೊಳ್ಳಿ. ರೇಷನ್ ಕಾರ್ಡು, ಆಧಾರ್, ಬಯಾಪ್ಸಿ ವರದಿ ಮೂರರದೂ ನಕಲು ಎರಡೆರಡು ಇರಲಿ.

ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ಮೂರನೇ ವಾರಕ್ಕೆ ರಕ್ತ ನಿಲ್ಲುತ್ತದೆ, ನೋವು ಇಳಿಯುತ್ತದೆ, ಊರಲ್ಲಿ ಹಬ್ಬವೋ ಕೊಯ್ಲೋ ಬರುತ್ತದೆ, ‘ವಾಸಿ ಆಯ್ತಲ್ಲ’ ಎಂದು ಚೀಲ ಕಟ್ಟುತ್ತಾರೆ. ಮಧ್ಯದಲ್ಲಿ ಬಿಟ್ಟರೆ ಉಳಿದ ಕ್ಯಾನ್ಸರ್ ಮತ್ತೆ ಬೆಳೆಯುತ್ತದೆ, ಎರಡನೇ ಸಲ ಅಷ್ಟೇ ರೇಡಿಯೇಷನ್ ಕೊಡಲಾಗದು. ಆದ್ದರಿಂದ ಹೊರಡುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ: ಆರು ವಾರ ಜೊತೆಗಿರುವವರು ಯಾರು, ಹಸುವಿಗೆ ಹುಲ್ಲು ಹಾಕುವವರು ಯಾರು, ಮಕ್ಕಳಿಗೆ ಅನ್ನ ಎಲ್ಲಿ. ಉಳಿದುಕೊಳ್ಳಲು ಕಿದ್ವಾಯಿ ಆವರಣದ ಧರ್ಮಶಾಲೆಯಲ್ಲಿ ಜಾಗವಿದೆಯೇ ಎಂದು ದಾಖಲಾಗುವ ದಿನವೇ ಕೇಳಿ.